ಯುದ್ಧವನ್ನೋ ಕ್ರಾಂತಿಯನ್ನೋ ಕ್ರಮವಾಗಿ ಅಭ್ಯಾಸ ಮಾಡುವ ಬಗೆ

ಜಗತ್ತಿನ ಇತಿಹಾಸವನ್ನು ಸ್ವಂತವಾಗಿ ಓದಿಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಪ್ರಾಚೀನ ಈಜಿಪ್ಟಿನಿಂದ ಹಿಡಿದು ಎರಡನೇ ಮಹಾಯುದ್ಧದವರೆಗಿನ ಇಸವಿಗಳನ್ನು ಸಾಲಾಗಿ ಬರೆದುಕೊಂಡು ಒಂದೇ ಓಟದಲ್ಲಿ ಸಾಗಲು ನೋಡುತ್ತಾರೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಇಸವಿಗಳು ಟಿಪ್ಪಣಿ ಪುಸ್ತಕದಲ್ಲಿ ಉಳಿದು, ಘಟನೆಗಳು ಮನಸ್ಸಿನಿಂದ ಜಾರಿಹೋಗಿರುತ್ತವೆ. ನಾನೂ ಬಹಳ ಕಾಲ ಹೀಗೆಯೇ ಓದಿದವನು. ಇಲ್ಲಿ ವಿವರಿಸುತ್ತಿರುವ ಕ್ರಮ ಇದಕ್ಕಿಂತ ನಿಧಾನವಾದದ್ದು: ಒಂದೇ ಒಂದು ಯುದ್ಧವನ್ನೋ ಕ್ರಾಂತಿಯನ್ನೋ ಆರಿಸಿಕೊಳ್ಳಬೇಕು, ಅದು ಹೇಗೆ ಮುಗಿಯಿತೆಂಬುದನ್ನು ಸದ್ಯಕ್ಕೆ ಬದಿಗಿರಿಸಬೇಕು, ಅಂದು ಬದುಕಿದ್ದವರಿಗೆ ಏನೆಲ್ಲ ತಿಳಿದಿತ್ತೋ ಅಷ್ಟನ್ನೇ ಕೈಯಲ್ಲಿಟ್ಟುಕೊಂಡು ಮುಂದಕ್ಕೆ ಓದುತ್ತಾ ಹೋಗಬೇಕು. ಕೊನೆಯನ್ನು ಮೊದಲೇ ಬಲ್ಲವನಿಗೆ ನಡೆದದ್ದೆಲ್ಲ ನಡೆಯಲೇಬೇಕಾಗಿತ್ತು ಎಂದು ಕಾಣುತ್ತದೆ. ಅಂದಿನವರ ಹಿಂಜರಿಕೆ, ತಪ್ಪು ಲೆಕ್ಕಾಚಾರ, ಕೈತಪ್ಪಿದ ಅವಕಾಶಗಳು ಯಾವುವೂ ಅವನ ಕಣ್ಣಿಗೆ ಬೀಳುವುದಿಲ್ಲ. ಇತಿಹಾಸದ ಓದಿಗೆ ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿಲ್ಲವೆಂಬುದು ನನ್ನ ಅನುಭವ.

ಒಂದು ದಿನವನ್ನು ಹಿಡಿದುಕೊಳ್ಳಿ

ಆರಿಸಿಕೊಂಡ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ದಿನವನ್ನು ತೆಗೆದುಕೊಂಡು, ಆ ದಿನ ಬೆಳಗಿನಿಂದ ಸಂಜೆಯವರೆಗೆ ಯಾರು ಎಲ್ಲಿದ್ದರು, ಯಾವ ಉದ್ದೇಶದಿಂದ ಹೊರಟಿದ್ದರು ಎಂಬುದನ್ನು ಮೊದಲು ಬರೆದುಕೊಳ್ಳಿ. ಉದಾಹರಣೆಗೆ 1789ರ ಜುಲೈ 14ನ್ನು ನೋಡೋಣ. ಸ್ವಾತಂತ್ರ್ಯಕ್ಕಾಗಿ ಪ್ಯಾರಿಸ್ಸಿನ ಜನ ಬ್ಯಾಸ್ಟೀಲ್ ಸೆರೆಮನೆಯನ್ನು ಒಡೆದು ಕೈದಿಗಳನ್ನು ಬಿಡಿಸಿದರು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅಂದು ಆ ಕೋಟೆಯೊಳಗೆ ಇದ್ದ ಕೈದಿಗಳು ಏಳೇ ಜನ; ಅವರಲ್ಲಿ ನಾಲ್ವರು ನಕಲಿ ದಾಖಲೆ ಸೃಷ್ಟಿಸಿದ ಅಪರಾಧಕ್ಕಾಗಿ ಒಳಗಿದ್ದವರು. ಏಳು ಜನರನ್ನು ಬಿಡಿಸಲು ಒಂದು ನಗರವೇ ಎದ್ದು ಹೊರಡಿತೇ? ಅಂದು ಬೆಳಿಗ್ಗೆ ಅದೇ ಜನ ಹಳೆಯ ಸೈನಿಕರ ಆಶ್ರಯಧಾಮವಾಗಿದ್ದ ಇನ್ವಾಲಿಡ್ಸ್ ಕಟ್ಟಡಕ್ಕೆ ನುಗ್ಗಿ ಸುಮಾರು 30,000 ಕೋವಿಗಳನ್ನು ಹೊತ್ತು ತಂದಿದ್ದರು. ಕೋವಿಗಳಿದ್ದವು, ಮದ್ದು ಇರಲಿಲ್ಲ. ನಗರದ ಸಿಡಿಮದ್ದಿನ ಪೀಪಾಯಿಗಳನ್ನು ಒಂದೆರಡು ದಿನಗಳ ಹಿಂದೆ ಬ್ಯಾಸ್ಟೀಲಿಗೆ ಸಾಗಿಸಲಾಗಿತ್ತು. ಜನ ಹೋದದ್ದು ಆ ಮದ್ದಿಗಾಗಿ. ಪ್ಯಾರಿಸ್ಸಿನ ಸುತ್ತ ರಾಜನ ಸೈನ್ಯ ಬಂದು ಸೇರುತ್ತಿತ್ತು, ಯಾವ ಗಳಿಗೆಯಲ್ಲಾದರೂ ದಾಳಿಯಾಗಬಹುದೆಂಬ ಭಯ ಬೀದಿಬೀದಿಗಳಲ್ಲಿ ಹಬ್ಬಿತ್ತು. ಕೋಟೆಯ ಅಧಿಕಾರಿ ದ ಲೋನೇಯ ಕೈಕೆಳಗೆ ಇದ್ದವರು ಎಂಬತ್ತು ಚಿಲ್ಲರೆ ಹಳೆಯ ಸಿಪಾಯಿಗಳು ಮತ್ತು ಮೂವತ್ತರಷ್ಟು ಸ್ವಿಸ್ ಸೈನಿಕರು. ಮಧ್ಯಾಹ್ನವೆಲ್ಲ ಮಾತುಕತೆ, ಗೊಂದಲ, ಗುಂಡಿನ ಚಕಮಕಿ ನಡೆದು, ಸಂಜೆಯ ಹೊತ್ತಿಗೆ ಸೇತುವೆ ಇಳಿಯಿತು, ಅಧಿಕಾರಿಯ ಕೊಲೆಯಾಯಿತು. ವರ್ಸೈಲ್ಸಿನಲ್ಲಿದ್ದ ಹದಿನಾರನೇ ಲೂಯಿ ಆ ದಿನ ತನ್ನ ದಿನಚರಿಯಲ್ಲಿ ಬರೆದದ್ದು ‘ಏನೂ ಇಲ್ಲ’ ಎಂದು. ಅದು ಮುಖ್ಯವಾಗಿ ಬೇಟೆಯ ಲೆಕ್ಕ ಇಡುವ ದಿನಚರಿ. ಅಂದು ಬೇಟೆ ಇರಲಿಲ್ಲ ಎಂಬುದಷ್ಟೇ ಅದರ ಅರ್ಥ. ರಾಜನ ಮೂರ್ಖತನಕ್ಕೆ ಸಾಕ್ಷಿಯೆಂದು ಆ ಮಾತನ್ನು ಬಳಸುವವರು ಅದು ಎಂಥ ಪುಸ್ತಕವೆಂದು ವಿಚಾರಿಸುವುದಿಲ್ಲ. ದಾಖಲೆಯೊಂದು ಕೈಗೆ ಬಂದಾಗ ಅದರಲ್ಲಿ ಏನು ಬರೆದಿದೆ ಎಂದು ನೋಡುವ ಮುನ್ನ, ಅದನ್ನು ಯಾತಕ್ಕಾಗಿ ಬರೆಯುತ್ತಿದ್ದರು ಎಂದು ಕೇಳುವ ಅಭ್ಯಾಸ ಇಲ್ಲಿಂದಲೇ ಆರಂಭವಾಗಲಿ.

ಕಾರಣಗಳನ್ನು ಕಾಲದ ಅಳತೆಯಲ್ಲಿ ಬಿಡಿಸುವುದು

ಆ ದಿನದ ಚಿತ್ರ ಸಿಕ್ಕಿದ ಮೇಲೆ ಹಿಂದಕ್ಕೆ ಹೋಗಬೇಕು. ಕಾರಣಗಳನ್ನು ರಾಜಕೀಯ, ಆರ್ಥಿಕ, ಸಾಮಾಜಿಕ ಎಂದು ವಿಂಗಡಿಸುವುದು ಪರೀಕ್ಷೆಯ ಉತ್ತರಕ್ಕೆ ಅನುಕೂಲವಾದ ಪದ್ಧತಿ. ಆದರೆ ಆ ವಿಂಗಡಣೆಯಿಂದ ಯಾವುದು ಯಾವುದನ್ನು ಹುಟ್ಟಿಸಿತು ಎಂಬುದು ತಿಳಿಯುವುದಿಲ್ಲ. ಅದರ ಬದಲು ಪುಟವನ್ನು ಮೂರು ಭಾಗ ಮಾಡಿ, ದಶಕಗಳಿಂದ ಕೂಡುತ್ತಾ ಬಂದದ್ದನ್ನು ಒಂದರಲ್ಲಿ, ಒಂದೆರಡು ವರ್ಷಗಳಲ್ಲಿ ಆದದ್ದನ್ನು ಇನ್ನೊಂದರಲ್ಲಿ, ಕೆಲವೇ ದಿನಗಳ ಹಿಂದಿನದನ್ನು ಮೂರನೆಯದರಲ್ಲಿ ಬರೆಯಿರಿ. ಫ್ರಾನ್ಸಿನ ವಿಷಯದಲ್ಲಿ ಮೊದಲ ಭಾಗಕ್ಕೆ ಬರುವುದು ಸಾಲ. 1756ರಿಂದ 1763ರವರೆಗಿನ ಏಳು ವರ್ಷಗಳ ಯುದ್ಧ, ಆಮೇಲೆ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮಕ್ಕೆ ಕೊಟ್ಟ ನೆರವು ಇವೆರಡೂ ಖಜಾನೆಯನ್ನು ಬರಿದು ಮಾಡಿ, 1788ರ ಹೊತ್ತಿಗೆ ಸರ್ಕಾರದ ವೆಚ್ಚದಲ್ಲಿ ಅರ್ಧದಷ್ಟು ಹಳೆಯ ಸಾಲದ ಬಾಬತ್ತಿಗೇ ಹೋಗುತ್ತಿತ್ತು. ಕುಲೀನರಿಗೂ ಪಾದ್ರಿವರ್ಗಕ್ಕೂ ಬಹುತೇಕ ತೆರಿಗೆಗಳಿಂದ ವಿನಾಯಿತಿ ಇದ್ದುದರಿಂದ ಹೊರೆಯೆಲ್ಲ ಉಳಿದವರ ಮೇಲೆ ಬೀಳುತ್ತಿತ್ತು. ಎರಡನೇ ಭಾಗದಲ್ಲಿ 1788ರ ಜುಲೈ 13ರ ಭೀಕರ ಆಲಿಕಲ್ಲು ಮಳೆ, ಕೈಕೊಟ್ಟ ಬೆಳೆ, ಕಡು ಚಳಿಗಾಲ, ಮರುವರ್ಷದ ಬೇಸಿಗೆಗೆ ಕೂಲಿಕಾರನ ಸಂಪಾದನೆಯ ಬಹುಪಾಲನ್ನು ನುಂಗಿಹಾಕುತ್ತಿದ್ದ ಬ್ರೆಡ್ಡಿನ ಬೆಲೆ ಇವು ಬರುತ್ತವೆ. ತೆರಿಗೆಯ ಬಿಕ್ಕಟ್ಟಿನಿಂದಾಗಿ 1789ರ ಮೇ 5ರಂದು ಪಾದ್ರಿಗಳು, ಕುಲೀನರು, ಉಳಿದ ಜನ ಎಂಬ ಮೂರು ವರ್ಗಗಳ ಪ್ರತಿನಿಧಿಗಳ ಎಸ್ಟೇಟ್ಸ್ ಜನರಲ್ ಸಭೆ ಸೇರಿದ್ದು, ಜೂನ್ 17ರಂದು ಮೂರನೇ ವರ್ಗದ ಪ್ರತಿನಿಧಿಗಳು ತಮ್ಮನ್ನು ರಾಷ್ಟ್ರೀಯ ಸಭೆಯೆಂದು ಘೋಷಿಸಿಕೊಂಡದ್ದು, ಸಂವಿಧಾನ ರಚಿಸುವವರೆಗೆ ಚದುರುವುದಿಲ್ಲವೆಂದು ಅವರು ಮಾಡಿದ ಜೂನ್ 20ರ ಟೆನಿಸ್ ಅಂಗಳದ ಪ್ರತಿಜ್ಞೆ ಇವೂ ಅಲ್ಲಿಯೇ. ಮೂರನೇ ಭಾಗದಲ್ಲಿ ಬರೆಯಬೇಕಾದದ್ದು ಒಂದೇ ಸಾಲು: ಜುಲೈ 11ರಂದು ರಾಜನು ಜನಪ್ರಿಯ ಮಂತ್ರಿ ನೆಕರ್‌ನನ್ನು ವಜಾ ಮಾಡಿದ, ಮರುದಿನ ಸುದ್ದಿ ಪ್ಯಾರಿಸ್ಸಿಗೆ ತಲುಪಿತು.

ಹೀಗೆ ಬರೆದಾಗ ಒಂದು ವಿಚಾರ ತಾನಾಗಿ ಹೊಳೆಯುತ್ತದೆ. ಸಾಲವಿದ್ದು ಬರವಿಲ್ಲದಿದ್ದರೆ ವಕೀಲರ ಜಗಳವಾಗಿ ಮುಗಿಯಬಹುದಿತ್ತು. ಬರವಿದ್ದು ಸಭೆ ಸೇರದಿದ್ದರೆ ಹಿಂದೆ ಎಷ್ಟೋ ಬಾರಿ ಆದಂತೆ ಧಾನ್ಯಕ್ಕಾಗಿ ದಂಗೆಗಳಾಗಿ ಅಡಗಬಹುದಿತ್ತು. ಬೇರೆಬೇರೆ ವೇಗದಲ್ಲಿ ಬರುತ್ತಿದ್ದ ಮೂರು ಸಂಗತಿಗಳು ಒಂದೇ ವಾರದಲ್ಲಿ ಬಂದು ಕೂಡಿದವು. ಇಂಥ ಕೂಡುವಿಕೆಯನ್ನು ಗುರುತಿಸುವುದೇ ಈ ಅಭ್ಯಾಸದ ತಿರುಳು, ಮತ್ತು ಅದಕ್ಕೆ ಬೇಕಾದ ಸಮಯವನ್ನು ಧಾರಾಳವಾಗಿ ಕೊಡಬೇಕು.

ದಿನಗಳ ಪಟ್ಟಿ ಬರೆಯುವುದು

ಯುದ್ಧದ ಆರಂಭವನ್ನು ಓದುವಾಗ ಇನ್ನೂ ಸೂಕ್ಷ್ಮವಾದ ಒಂದು ಪಟ್ಟಿ ಬೇಕಾಗುತ್ತದೆ. 1914ರ ಜೂನ್ 28ರಿಂದ ಆಗಸ್ಟ್ 4ರವರೆಗಿನ 38 ದಿನಗಳು ಇದಕ್ಕೆ ಅತ್ಯುತ್ತಮ ಪಾಠ. ಒಂದು ದಿನಕ್ಕೆ ಒಂದು ಸಾಲು ಬಿಡಿ. ಏನೂ ನಡೆಯದ ದಿನಗಳ ಸಾಲನ್ನು ಖಾಲಿಯಾಗಿಯೇ ಇಡಿ, ಏಕೆಂದರೆ ಖಾಲಿ ಸಾಲುಗಳೂ ಬಹಳಷ್ಟನ್ನು ಹೇಳುತ್ತವೆ. ಜೂನ್ 28ರ ಬೆಳಿಗ್ಗೆ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡನ ಕಾರಿನ ಮೇಲೆ ಎಸೆದ ಬಾಂಬ್ ಗುರಿ ತಪ್ಪಿತು. ಆಮೇಲೆ ಚಾಲಕ ತಪ್ಪು ದಾರಿಗೆ ತಿರುಗಿಸಿ, ಹಿಂದಕ್ಕೆ ತೆಗೆಯಲೆಂದು ಕಾರು ನಿಲ್ಲಿಸಿದ ಜಾಗದಲ್ಲಿಯೇ ಬಾಸ್ನಿಯಾದ ಸರ್ಬ್ ಯುವಕ ಗವ್ರೀಲೊ ಪ್ರಿನ್ಸಿಪ್ ನಿಂತಿದ್ದ; ಅವನ ಗುಂಡಿಗೆ ಯುವರಾಜ ಬಲಿಯಾದ. ಇದಾದ ಮೇಲೆ ಜುಲೈ 5 ಮತ್ತು 6ರಂದು ಜರ್ಮನಿ ಆಸ್ಟ್ರಿಯಾಕ್ಕೆ ಬೆಂಬಲದ ಭರವಸೆ ಕೊಟ್ಟಿತು. ಅಲ್ಲಿಂದ ಎರಡು ವಾರ ಹೊರಗಿನವರ ಕಣ್ಣಿಗೆ ಎಲ್ಲವೂ ಶಾಂತವಾಗಿತ್ತು. ಜುಲೈ 23ರ ಸಂಜೆ ಆಸ್ಟ್ರಿಯಾ ಸರ್ಬಿಯಾಕ್ಕೆ 48 ಗಂಟೆಗಳ ಗಡುವಿನ ಅಂತಿಮ ಎಚ್ಚರಿಕೆ ಕೊಟ್ಟಿತು. ಜುಲೈ 25ರ ಉತ್ತರದಲ್ಲಿ ಸರ್ಬಿಯಾ ಹೆಚ್ಚಿನ ಬೇಡಿಕೆಗಳಿಗೆ ಮಣಿದರೂ, ತನ್ನ ನೆಲದಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ತನಿಖೆಯಲ್ಲಿ ಪಾಲ್ಗೊಳ್ಳುವುದಕ್ಕೆ ಒಪ್ಪಲಿಲ್ಲ. 28ರಂದು ಯುದ್ಧ ಘೋಷಣೆಯಾಯಿತು. 29ರ ರಾತ್ರಿ ರಷ್ಯಾದ ಚಕ್ರವರ್ತಿ ಎರಡನೇ ನಿಕೊಲಸ್, ಜರ್ಮನ್ ಚಕ್ರವರ್ತಿಯಿಂದ ತಂತಿ ಬಂದ ಕಾರಣಕ್ಕೆ, ತಾನು ಹೊರಡಿಸಿದ್ದ ಪೂರ್ಣ ಸೇನಾ ಜಮಾವಣೆಯ ಆಜ್ಞೆಯನ್ನು ಹಿಂತೆಗೆದುಕೊಂಡ. 30ರಂದು ಮಂತ್ರಿಗಳ, ಸೇನಾಪತಿಗಳ ಒತ್ತಾಯಕ್ಕೆ ಮಣಿದು ಮತ್ತೆ ಹೊರಡಿಸಿದ. ಆಗಸ್ಟ್ 1ರಂದು ಜರ್ಮನಿ ರಷ್ಯಾದ ಮೇಲೆ, 3ರಂದು ಫ್ರಾನ್ಸಿನ ಮೇಲೆ ಯುದ್ಧ ಸಾರಿ, 4ರಂದು ಬೆಲ್ಜಿಯಂ ಗಡಿ ದಾಟಿತು; ಅದೇ ದಿನ ಬ್ರಿಟನ್ ಯುದ್ಧಕ್ಕಿಳಿಯಿತು.

ಪಟ್ಟಿ ಮುಗಿದ ಮೇಲೆ ಪ್ರತಿ ಸಾಲಿನ ಎದುರಿಗೂ ಒಂದು ಪ್ರಶ್ನೆಯನ್ನು ಹಾಕಿಕೊಳ್ಳಬೇಕು: ಈ ದಿನ ಹಿಂದೆ ಸರಿಯುವ ಅಧಿಕಾರ ಯಾರಿಗಿತ್ತು, ಸರಿದಿದ್ದರೆ ಅವರು ಏನನ್ನು ಕಳೆದುಕೊಳ್ಳುತ್ತಿದ್ದರು? ನಿಕೊಲಸ್ ಒಂದು ರಾತ್ರಿಯ ಮಟ್ಟಿಗಾದರೂ ಹಿಂದೆ ಸರಿದಿದ್ದ ಎಂಬುದನ್ನು ನಾನು ಮೊದಲ ಬಾರಿಗೆ ಓದಿದಾಗ, ಮಹಾಯುದ್ಧ ಅನಿವಾರ್ಯವಾಗಿತ್ತು ಎಂದು ಅಲ್ಲಿಯವರೆಗೆ ಹೇಳಿಕೊಂಡು ಬಂದಿದ್ದ ಮಾತನ್ನು ಬಿಟ್ಟುಬಿಟ್ಟೆ.

ಇಲ್ಲಿ ಕ್ಯಾಲೆಂಡರಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ರಷ್ಯಾ ಆಗ ಜೂಲಿಯನ್ ಕ್ಯಾಲೆಂಡರನ್ನು ಬಳಸುತ್ತಿತ್ತು. 20ನೇ ಶತಮಾನದಲ್ಲಿ ಅದು ಗ್ರೆಗೋರಿಯನ್ ಕ್ಯಾಲೆಂಡರಿಗಿಂತ 13 ದಿನ ಹಿಂದಿತ್ತು. ಆದ್ದರಿಂದಲೇ 1917ರ ಫೆಬ್ರವರಿ ಕ್ರಾಂತಿ ನಮ್ಮ ಲೆಕ್ಕದಲ್ಲಿ ಮಾರ್ಚ್ 8ರಂದು, ಪೆಟ್ರೊಗ್ರಾಡಿನ ಜವಳಿ ಗಿರಣಿಗಳ ಹೆಂಗಸರು ಮಹಿಳಾ ದಿನದಂದು ಬ್ರೆಡ್ಡಿಗಾಗಿ ಬೀದಿಗಿಳಿಯುವುದರೊಂದಿಗೆ ಆರಂಭವಾಗುತ್ತದೆ. ಅಕ್ಟೋಬರ್ ಕ್ರಾಂತಿ ನವೆಂಬರ್ 7ಕ್ಕೆ ಬೀಳುತ್ತದೆ. 1918ರಲ್ಲಿ ಹೊಸ ಸರ್ಕಾರ ಕ್ಯಾಲೆಂಡರನ್ನು ಬದಲಿಸಿದಾಗ ಜನವರಿ 31ರ ಮರುದಿನವೇ ಫೆಬ್ರವರಿ 14 ಬಂದಿತು. ಎರಡು ದೇಶಗಳ ದಾಖಲೆಗಳನ್ನು ಒಟ್ಟಿಗಿಟ್ಟು ಪಟ್ಟಿ ಮಾಡುವವರು ಇದನ್ನು ಮರೆತರೆ ಉತ್ತರವು ಪತ್ರಕ್ಕಿಂತ ಮೊದಲೇ ಬಂದಂತೆ ಕಾಣುತ್ತದೆ.

ಎರಡು ಕಡೆಯವರ ಮಾತು

ಒಂದೇ ಘಟನೆಯನ್ನು ಎದುರಾಳಿಗಳಿಬ್ಬರೂ ಹೇಗೆ ಹೇಳಿದರು ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕು. 1618ರ ಮೇ 23ರಂದು ಪ್ರಾಗ್ ಕೋಟೆಯ ಕಿಟಕಿಯಿಂದ ಕ್ಯಾಥೊಲಿಕ್ ಚಕ್ರವರ್ತಿಯ ಇಬ್ಬರು ಪ್ರತಿನಿಧಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಪ್ರೊಟೆಸ್ಟಂಟ್ ಮುಖಂಡರು ಹೊರಕ್ಕೆಸೆದರು. ಮೂವರೂ ಬದುಕಿದರು. ಮಾತೆ ಮರಿಯಳೇ ಕಾಪಾಡಿದಳೆಂದು ಕ್ಯಾಥೊಲಿಕರು ಬರೆದರು; ಬಿದ್ದದ್ದು ಗೊಬ್ಬರದ ರಾಶಿಯ ಮೇಲೆ ಎಂದು ಪ್ರೊಟೆಸ್ಟಂಟರು ಹೇಳಿದರು. ಇವುಗಳಲ್ಲಿ ಯಾವುದು ನಿಜವೆಂದು ತೀರ್ಮಾನಿಸುವುದಕ್ಕಿಂತ, ಇಬ್ಬರೂ ಒಪ್ಪಿಕೊಂಡ ಸಂಗತಿ ಯಾವುದೆಂದು ಮೊದಲು ಗೆರೆ ಎಳೆದು ಗುರುತಿಸಿ. ಎಸೆದದ್ದು ನಿಜ, ಬದುಕಿದ್ದು ನಿಜ. ಉಳಿದ ಭಾಗ ಆ ಕಾಲದವರು ಏನನ್ನು ನಂಬಲು ಸಿದ್ಧರಿದ್ದರು ಎಂಬುದಕ್ಕೆ ಸಾಕ್ಷಿ, ಮತ್ತು ಮೂವತ್ತು ವರ್ಷ ಯೂರೋಪನ್ನು ಸುಟ್ಟ ಒಂದು ಧಾರ್ಮಿಕ ಯುದ್ಧವನ್ನು ಅರಿಯಲು ಆ ಸಾಕ್ಷಿಯೂ ಅಷ್ಟೇ ಅಗತ್ಯ.

ಸೋತವರ, ಬರೆಯಲಾಗದವರ ಮಾತು ಸಿಗುವುದು ಕಷ್ಟ. ಆದರೂ ಹುಡುಕಿದರೆ ಕೆಲವು ಸಲ ಸಿಗುತ್ತದೆ. 1789ರ ವಸಂತದಲ್ಲಿ ಫ್ರಾನ್ಸಿನ ಊರೂರಿನ ಜನ ತಮ್ಮ ಅಹವಾಲುಗಳನ್ನು ದಾಖಲಿಸಿ ಕಳುಹಿಸಿದ ಪುಸ್ತಕಗಳು ಉಳಿದಿವೆ. ಜರ್ಮನ್ ರೈತರು 1525ರಲ್ಲಿ ಮೆಮ್ಮಿಂಗನ್ ಪಟ್ಟಣದಲ್ಲಿ ಬರೆಸಿದ ಹನ್ನೆರಡು ಬೇಡಿಕೆಗಳೂ ಇವೆ: ಪಾದ್ರಿಯನ್ನು ತಾವೇ ಆರಿಸುವ ಹಕ್ಕು, ಜೀತದಿಂದ ಬಿಡುಗಡೆ, ಕಾಡಿನ ಸೌದೆ, ಹೊಳೆಯ ಮೀನು. ದೇವರು, ಧರ್ಮ ಎಂಬ ದೊಡ್ಡ ಮಾತುಗಳ ಪಕ್ಕದಲ್ಲಿಯೇ ಸೌದೆಯೂ ಮೀನೂ ಬರುವುದನ್ನು ಗಮನಿಸಿ.

ಸತ್ತವರ ಸಂಖ್ಯೆ

ಯುದ್ಧದ ಓದಿನಲ್ಲಿ ಸಂಖ್ಯೆಗಳು ಬೇಗ ಬಾಯಿಪಾಠವಾಗುತ್ತವೆ, ಅಷ್ಟೇ ಬೇಗ ದಾರಿ ತಪ್ಪಿಸುತ್ತವೆ. ಸಂಖ್ಯೆಯನ್ನು ಬರೆದುಕೊಂಡಾಗಲೆಲ್ಲ ಅದರಲ್ಲಿ ಸೈನಿಕರು ಮಾತ್ರ ಸೇರಿದ್ದಾರೋ, ನಾಗರಿಕರೂ ಇದ್ದಾರೋ, ಹಸಿವು ಮತ್ತು ರೋಗದಿಂದ ಸತ್ತವರನ್ನು ಎಣಿಸಿದ್ದಾರೋ ಎಂದು ಪಕ್ಕದಲ್ಲಿ ಟಿಪ್ಪಣಿ ಮಾಡಿ. ಮೊದಲನೇ ಮಹಾಯುದ್ಧದಲ್ಲಿ ಸತ್ತ ಸೈನಿಕರು 90 ಲಕ್ಷದಿಂದ 1 ಕೋಟಿ ಎಂಬ ಅಂದಾಜು ಸೇನಾ ದಾಖಲೆಗಳ ಆಧಾರದ ಮೇಲೆ ನಿಂತಿದೆ. ಚೀನಾದಲ್ಲಿ 1850ರಿಂದ 1864ರವರೆಗೆ ನಡೆದ ತೈಪಿಂಗ್ ದಂಗೆಯಲ್ಲಿ 2 ಕೋಟಿಯಿಂದ 3 ಕೋಟಿ ಜನ ಸತ್ತರೆನ್ನುವಾಗ, ಅದರಲ್ಲಿ ಬಹುಪಾಲು ಕ್ಷಾಮಕ್ಕೂ ರೋಗಕ್ಕೂ ಬಲಿಯಾದ ಸಾಮಾನ್ಯ ಜನ. ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರಲ್ಲಿ ಗಾಯದಿಂದ ಸತ್ತವರಿಗಿಂತ ರೋಗದಿಂದ ಸತ್ತವರೇ ಹೆಚ್ಚು. ಇದನ್ನು ಅಧಿಕಾರಿಗಳಿಗೆ ಮನವರಿಕೆ ಮಾಡಿಸಲು ಫ್ಲಾರೆನ್ಸ್ ನೈಟಿಂಗೇಲ್ ತಿಂಗಳವಾರು ಸಾವಿನ ಲೆಕ್ಕವನ್ನು ಬಣ್ಣದ ನಕ್ಷೆಗಳಲ್ಲಿ ಬಿಡಿಸಿ ತೋರಿಸಿದಳು. ಗುಂಡಿಗಿಂತ ಕೊಳಕು ನೀರು ಹೆಚ್ಚು ಜನರನ್ನು ಕೊಂದಿತೆಂಬುದು ಕೇವಲ ಒಟ್ಟು ಸಂಖ್ಯೆಯನ್ನು ನೋಡುವವರಿಗೆ ಎಂದೂ ತಿಳಿಯುವುದಿಲ್ಲ.

ತಾರೀಖಿಲ್ಲದ ಬದಲಾವಣೆಗಳು

ಸಾಂಸ್ಕೃತಿಕ ಬದಲಾವಣೆಯನ್ನು ಓದುವಾಗ ಹಿಂದೆ ಹೇಳಿದ ಕ್ರಮವನ್ನು ತುಸು ಬದಲಿಸಬೇಕಾಗುತ್ತದೆ, ಏಕೆಂದರೆ ಹಿಡಿದುಕೊಳ್ಳಲು ಒಂದು ದಿನವೇ ಇರುವುದಿಲ್ಲ. ಕೈಗಾರಿಕಾ ಕ್ರಾಂತಿ ಯಾವ ಬೆಳಿಗ್ಗೆ ಆರಂಭವಾಯಿತು? ಜೇಮ್ಸ್ ವಾಟ್ ತನ್ನ ಸುಧಾರಿತ ಉಗಿಯಂತ್ರಕ್ಕೆ 1769ರಲ್ಲಿ ಪೇಟೆಂಟ್ ಪಡೆದದ್ದನ್ನು ಬರೆಯಬಹುದು, ಆದರೆ ಆ ವರ್ಷ ಬದುಕಿದ್ದ ಬಹುತೇಕ ಜನರ ದಿನಚರಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ಇಂಥಲ್ಲಿ ದಿನದ ಬದಲು ಒಂದು ವಸ್ತುವನ್ನು ಹಿಡಿದುಕೊಳ್ಳಿ.

ನನಗೆ ಬಹಳ ಉಪಯೋಗಕ್ಕೆ ಬಂದ ವಸ್ತುವೆಂದರೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಎಕ್ಸ್‌ಚೇಂಜ್ ಕಟ್ಟಡದ ಮೇಲಿರುವ ಗಡಿಯಾರ. ಅದಕ್ಕೆ ನಿಮಿಷದ ಮುಳ್ಳುಗಳು ಎರಡು. ರೈಲು ಬರುವ ಮೊದಲು ಪ್ರತಿಯೊಂದು ಊರೂ ತನ್ನ ನೆತ್ತಿಯ ಮೇಲೆ ಸೂರ್ಯ ಬಂದಾಗ ಮಧ್ಯಾಹ್ನವೆಂದು ಗಡಿಯಾರ ಹೊಂದಿಸಿಕೊಳ್ಳುತ್ತಿತ್ತು. ಪಶ್ಚಿಮದಲ್ಲಿರುವ ಬ್ರಿಸ್ಟಲ್ಲಿನ ಕಾಲ ಲಂಡನ್ನಿಗಿಂತ ಸುಮಾರು 10 ನಿಮಿಷ ಹಿಂದಿತ್ತು, ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. 1840ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ತನ್ನ ನಿಲ್ದಾಣಗಳಲ್ಲೆಲ್ಲ ಲಂಡನ್ ಕಾಲವನ್ನೇ ಪಾಲಿಸಲು ಆರಂಭಿಸಿತು. ಊರಿನ ಕಾಲಕ್ಕೆ ಒಂದು ಮುಳ್ಳು, ರೈಲಿನ ಕಾಲಕ್ಕೆ ಇನ್ನೊಂದು ಮುಳ್ಳು ಬೇಕಾಯಿತು. 1880ರಲ್ಲಿ ಒಂದೇ ಕಾಲ ಇಡೀ ಬ್ರಿಟನ್ನಿಗೆ ಕಾನೂನಾಯಿತು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ರಾಷ್ಟ್ರಗಳ ಸಭೆ ಗ್ರೀನಿಚ್ ರೇಖೆಯನ್ನು ಜಗತ್ತಿನ ಲೆಕ್ಕಕ್ಕೆ ಆಧಾರವೆಂದು ಆರಿಸಿತು. ಸೂರ್ಯನ ಕಾಲವನ್ನು ಬಿಟ್ಟು ಕಂಪನಿಯ ಕಾಲಕ್ಕೆ ಜನ ಒಗ್ಗಿಕೊಂಡದ್ದು ಯಾವ ಕದನಕ್ಕೂ ಕಡಿಮೆಯಿಲ್ಲದ ಪಲ್ಲಟ, ಆದರೂ ಅದಕ್ಕೆ ಸ್ಮಾರಕವೆಂದರೆ ಆ ಎರಡು ಮುಳ್ಳುಗಳು ಮಾತ್ರ.

ಅಚ್ಚುಯಂತ್ರವನ್ನೂ ಹೀಗೆಯೇ ಹಿಂಬಾಲಿಸಬಹುದು. ಗುಟೆನ್‌ಬರ್ಗ್‌ನ ಮೈಂಜ್ ನಗರದಲ್ಲಿ 1454ರಷ್ಟು ಹಿಂದೆಯೇ ಚರ್ಚ್ ಹಣಕ್ಕೆ ಮಾರುತ್ತಿದ್ದ ಪಾಪವಿಮೋಚನಾ ಪತ್ರಗಳು ಅಚ್ಚಾಗುತ್ತಿದ್ದವು. ಹೆಸರಿಗೆ ಜಾಗ ಬಿಟ್ಟು ಮುದ್ರಿಸಿ, ಕೊಂಡವರ ಹೆಸರನ್ನು ಆಮೇಲೆ ತುಂಬುತ್ತಿದ್ದರು. 1517ರಲ್ಲಿ ಮಾರ್ಟಿನ್ ಲೂಥರ್ ಅದೇ ಪತ್ರಗಳ ಮಾರಾಟವನ್ನು ಪ್ರಶ್ನಿಸಿದ 95 ವಾದಗಳು ಕೆಲವೇ ವಾರಗಳಲ್ಲಿ ಜರ್ಮನ್ ನಾಡಿನುದ್ದಕ್ಕೂ ಹರಡಿದ್ದು ಇದೇ ಯಂತ್ರದ ಬಲದಿಂದ. ಹೊಸ ಉಪಕರಣವೊಂದು ಬಂದಾಗ ಅದು ಕ್ರಾಂತಿಕಾರಿಗಳ ಕೈಗೇ ಮೊದಲು ಸಿಗುತ್ತದೆಂದು ಭಾವಿಸಬಾರದೆಂಬುದನ್ನು ಈ ಒಂದು ಉದಾಹರಣೆಯಿಂದ ಕಲಿತುಕೊಳ್ಳಬಹುದು.

ಮುಗಿಯಿತು ಎಂಬ ತಾರೀಖಿನ ಆಚೆಗೆ

ಕೊನೆಯದಾಗಿ, ಯುದ್ಧದ ಅಥವಾ ಕ್ರಾಂತಿಯ ಮುಕ್ತಾಯವೆಂದು ಎಲ್ಲರೂ ಹೇಳುವ ತಾರೀಖಿನ ಮುಂದೆ ಟಿಪ್ಪಣಿ ಪುಸ್ತಕದಲ್ಲಿ ಕೆಲವು ಹಾಳೆಗಳನ್ನು ಖಾಲಿ ಬಿಡಬೇಕು. 1918ರ ನವೆಂಬರ್ 11ರಂದು ಪಶ್ಚಿಮ ರಂಗದಲ್ಲಿ ಗುಂಡಿನ ಸದ್ದು ನಿಂತಿತು; ಆದರೆ ರಷ್ಯಾದಲ್ಲಿ ಅಂತರ್ಯುದ್ಧ ಮುಂದುವರಿದಿತ್ತು, ಗ್ರೀಕರಿಗೂ ತುರ್ಕರಿಗೂ 1919ರಿಂದ 1922ರವರೆಗೆ ಯುದ್ಧ ನಡೆಯಿತು, ತುರ್ಕಿಯೊಂದಿಗಿನ ಅಂತಿಮ ಒಪ್ಪಂದಕ್ಕೆ ಲೌಸಾನ್‌ನಲ್ಲಿ ಸಹಿ ಬಿದ್ದದ್ದು 1923ರ ಜುಲೈ 24ರಂದು. ಆರಂಭದ ತಾರೀಖಿಗೂ ಇದೇ ಮಾತು ಅನ್ವಯಿಸುತ್ತದೆ: ಎರಡನೇ ಮಹಾಯುದ್ಧ 1939ರ ಸೆಪ್ಟೆಂಬರ್ 1ರಂದು ಶುರುವಾಯಿತೆಂದು ಪೋಲೆಂಡಿನ ಕಡೆಯಿಂದ ನೋಡುವವರು ಹೇಳಿದರೆ, 1937ರ ಜುಲೈ 7ರಂದು ಜಪಾನಿನೊಡನೆ ಯುದ್ಧಕ್ಕೆ ಸಿಲುಕಿದ ಚೀನಾದವರಿಗೆ ಅಷ್ಟು ಹೊತ್ತಿಗೆ ಎರಡು ವರ್ಷ ಕಳೆದಿತ್ತು.

ಸೋತ ಕ್ರಾಂತಿಗಳಿಗೂ ಈ ಖಾಲಿ ಹಾಳೆಗಳು ಬೇಕು. 1848ರಲ್ಲಿ ಪಲೆರ್ಮೊ, ಪ್ಯಾರಿಸ್, ವಿಯೆನ್ನಾ, ಬರ್ಲಿನ್ ಒಂದರ ಹಿಂದೊಂದು ಎದ್ದವು. ಮರುವರ್ಷದ ಹೊತ್ತಿಗೆ ಹೆಚ್ಚಿನ ಕಡೆ ಹಳೆಯ ದೊರೆಗಳೇ ಮರಳಿದ್ದರು. ಆದರೆ 1848ರ ಸೆಪ್ಟೆಂಬರಿನಲ್ಲಿ ಆಸ್ಟ್ರಿಯಾದ ಸಾಮ್ರಾಜ್ಯದಲ್ಲಿ ರೈತರ ಊಳಿಗದ ಕಟ್ಟುಪಾಡುಗಳನ್ನು ತೆಗೆದುಹಾಕಿದ ಕಾನೂನನ್ನು ಗೆದ್ದವರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗೆದ್ದ ಕ್ರಾಂತಿಯಲ್ಲಿ ಯಾರು ಹೊರಗುಳಿದರು ಎಂಬುದನ್ನೂ ಇಲ್ಲಿಯೇ ಬರೆಯಬೇಕು. 1789ರ ಆಗಸ್ಟ್ 26ರಂದು ಮಾನವ ಹಕ್ಕುಗಳನ್ನು ಘೋಷಿಸಿದ ಫ್ರಾನ್ಸಿನಲ್ಲಿ, ಅದೇ ಹಕ್ಕುಗಳನ್ನು 1791ರಲ್ಲಿ ಹೆಂಗಸರಿಗಾಗಿ ಬರೆದ ಒಲಾಂಪ್ ದ ಗೂಜ್ 1793ರಲ್ಲಿ ಗಿಲಟಿನ್‌ಗೆ ಬಲಿಯಾದಳು. ಅಲ್ಲಿನ ಮಹಿಳೆಯರಿಗೆ ಮತದಾನದ ಹಕ್ಕು ಬಂದದ್ದು 1944ರಲ್ಲಿ.

ಈ ಹಾಳೆಗಳು ಎಷ್ಟು ದೂರ ಹೋಗಬಹುದೆಂದು ನನಗೆ ತೋರಿಸಿಕೊಟ್ಟದ್ದು ಹೈಟಿ. ಅದು ಆಗ ಕೆರಿಬಿಯನ್ ಸಮುದ್ರದ ಸೇಂಟ್ ಡೊಮಿಂಗ್ ಎಂಬ ಫ್ರೆಂಚ್ ವಸಾಹತು; ಅಲ್ಲಿ ಸುಮಾರು 5 ಲಕ್ಷ ಗುಲಾಮರು ಕಬ್ಬು, ಕಾಫಿ ತೋಟಗಳಲ್ಲಿ ದುಡಿಯುತ್ತಿದ್ದರು. 1791ರ ಆಗಸ್ಟಿನಲ್ಲಿ ಅವರು ದಂಗೆಯೆದ್ದರು. ಟೂಸಾಂ ಲೂವೆರ್ತ್ಯೂರ್ ಅವರನ್ನು ಸೈನ್ಯವಾಗಿ ಕಟ್ಟಿದ. 1794ರಲ್ಲಿ ಪ್ಯಾರಿಸ್ ಗುಲಾಮಗಿರಿಯನ್ನು ರದ್ದು ಮಾಡಿತು, 1801ರ ಕೊನೆಗೆ ನೆಪೋಲಿಯನ್ ಅದನ್ನು ಮತ್ತೆ ತರಲು ಸೈನ್ಯ ಕಳುಹಿಸಿದ. ಟೂಸಾಂ 1803ರಲ್ಲಿ ಫ್ರಾನ್ಸಿನ ಪರ್ವತದ ಕೋಟೆಯೊಂದರಲ್ಲಿ ಸೆರೆಯಾಳಾಗಿ ಸತ್ತ. 1804ರ ಜನವರಿ 1ರಂದು ಅವನ ಸೇನಾನಿಯಾಗಿದ್ದ ದೆಸಲೀನ್ ಹೈಟಿಯ ಸ್ವಾತಂತ್ರ್ಯ ಘೋಷಿಸಿದ. ನನ್ನ ಮೊದಲ ಟಿಪ್ಪಣಿ ಅಲ್ಲಿಗೆ ಮುಗಿದಿತ್ತು. ಆಮೇಲೆ ಖಾಲಿ ಹಾಳೆಯಲ್ಲಿ ಸೇರಿಸಿದ್ದು ಇಷ್ಟು: 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳುಹಿಸಿ, ತೋಟದ ಮಾಲೀಕರ ನಷ್ಟಕ್ಕೆ ಪರಿಹಾರವಾಗಿ 15 ಕೋಟಿ ಫ್ರಾಂಕ್ ಕೇಳಿತು, 1838ರಲ್ಲಿ ಮೊತ್ತವನ್ನು ಇಳಿಸಲಾಯಿತು, ತಮ್ಮ ಬಿಡುಗಡೆಗೆ ತಾವೇ ಬೆಲೆ ತೆರಲು ಹೈಟಿಯವರು ಮಾಡಿದ ಸಾಲ, ಆ ಸಾಲ ತೀರಿಸಲು ಮಾಡಿದ ಇನ್ನೊಂದು ಸಾಲ, ಹೀಗೆ ಬೆಳೆಯುತ್ತಾ ಹೋಗಿ ಕೊನೆಯ ಕಂತು ಸಂದಾಯವಾದದ್ದು 1947ರಲ್ಲಿ.